ಒಂದು ತೂತೂ ಬಿಡದ ಹಾಗೆ

ವ್ಯಾನು ವರ್ಕ್‌ಶಾಪಿನ ಗೇಟಿನ ಉಬ್ಬು ಹತ್ತಿ ಇಳಿದಾಗ ಅದರ ಹೊಟ್ಟೆಯಲ್ಲೆಲ್ಲೋ ಗುಳುಕ್ ಎಂದದ್ದು ತನ್ನೊಬ್ಬನಿಗೇ ಕೇಳಿಸಿತೆಂದು ಅವನು ನಂಬಲು ನೋಡಿದ. ಹಾಗೆ ನಂಬಲು ಆಧಾರವೇನೂ ಇರಲಿಲ್ಲ. ವೆಲ್ಡರ್ ಟೀ ಲೋಟ ಹಿಡಿದು ಗೇಟಿಗೆ ಒರಗಿ ನಿಂತಿದ್ದ; ಯಜಮಾನರು ಇವತ್ತಿಗೆಂದೇ ತೆಗೆದಿಟ್ಟಿದ್ದ ಇಸ್ತ್ರಿ ಶರ್ಟಿನಲ್ಲಿ ಆಫೀಸಿನ ಬಾಗಿಲಲ್ಲಿದ್ದರು; ಸ್ಟೀರಿಂಗ್ ಹಿಡಿದಿದ್ದವರು ಸ್ವತಃ ಭಾವ, ಅಕ್ಕನ ಗಂಡ. ಮೂವರಿಗೂ ತಲಾ ಎರಡೆರಡು ಕಿವಿಗಳಿದ್ದವು. ಆದರೆ ನಾಲ್ಕು ತಿಂಗಳಿಂದ ಆ ಸದ್ದಿಗೇ ಎಚ್ಚರವಾಗುತ್ತಿದ್ದವು ಅವನ ಕಿವಿಗಳು ಮಾತ್ರ. ಅಕ್ಕನ ಮನೆಯ ಮಹಡಿಯ ಕೋಣೆಯಲ್ಲಿ ಅವನ ವಾಸ. ಬೆಳಿಗ್ಗೆ ಆರಕ್ಕೆ ಭಾವ ವ್ಯಾನನ್ನು ಹಿಂದಕ್ಕೆ ತೆಗೆಯುತ್ತಾರೆ, ಮೋರಿಯ ಮೇಲಿನ ಚಪ್ಪಡಿಯನ್ನು ಹಿಂದಿನ ಚಕ್ರ ಹತ್ತಿ ಇಳಿಯುತ್ತದೆ, ಗುಳುಕ್. ದೊಡ್ಡವರ ಸಭೆಯಲ್ಲಿ ಯಾರದೋ ಹೊಟ್ಟೆ ಸದ್ದು ಮಾಡಿದ ಹಾಗೆ. ಎಲ್ಲರಿಗೂ ಕೇಳಿಸುತ್ತದೆ, ಯಾರೂ ತಿರುಗಿ ನೋಡುವುದಿಲ್ಲ, ಹೊಟ್ಟೆಯ ಒಡೆಯ ಮಾತ್ರ ಬೆವರುತ್ತಾನೆ.

"ಬಂದಳಪ್ಪ ಪಾತಾಳ, ನಿನ್ನ ಮದುಮಗಳು," ಎಂದ ವೆಲ್ಡರ್. "ಹೋಗಿ ಕೈ ಹಿಡ್ದು ಇಳಿಸ್ಕೋ."

ಪಾತಾಳ ಎಂಬುದು ವೆಲ್ಡರ್ ಅವನಿಗೆ ಇಟ್ಟ ಹೆಸರು. ಆರು ವರ್ಷದಲ್ಲಿ ಸ್ವಂತದ್ದನ್ನು ಅದು ನುಂಗಿಬಿಟ್ಟಿತ್ತು. ವರ್ಕ್‌ಶಾಪಿನ ಹಿಂಬದಿಯಲ್ಲಿ ಎದೆಮಟ್ಟದ ಒಂದು ಉದ್ದನೆಯ ಗುಂಡಿಯಿದೆ. ವಾಹನವನ್ನು ಅದರ ಮೇಲೆ ತಂದು ನಿಲ್ಲಿಸಿದರೆ ಅವನು ಒಳಗಿಳಿದು ಅದರ ತಳವನ್ನು ನೋಡಿಕೊಳ್ಳುತ್ತಾನೆ. ಎಂಜಿನ್ನಿನವರಿಗೆ ಮರ್ಯಾದೆಯಿದೆ, ಬಣ್ಣದವರಿಗೆ ಮರ್ಯಾದೆಯಿದೆ, ತಳದವನಿಗೆ ಗುಂಡಿಯಿದೆ. ಮೇಲ್ತುಕ್ಕು ಎಂದರೆ ಕಬ್ಬಿಣದ ಚರ್ಮರೋಗ. ನೋಡಲು ಅಸಹ್ಯ, ಜೀವಕ್ಕೇನೂ ಆಗದು. ತಂತಿ ಬ್ರಷ್ಷಿನಿಂದ ಕಬ್ಬಿಣ ಬೆಳ್ಳಗಾಗುವವರೆಗೆ ಉಜ್ಜಬೇಕು, ಉಳಿದ ಕೆಂಪನ್ನು ಕಪ್ಪಾಗಿಸುವ ದ್ರವ ಸವರಬೇಕು, ಅದು ಒಣಗಿದ ಮೇಲೆ ಪ್ರೈಮರು, ಕೊನೆಗೆ ರಬ್ಬರಿನಂಥ ಕಪ್ಪು ಲೇಪ. ಉಜ್ಜುವಾಗ ಉದುರುವುದೆಲ್ಲ ಮುಖದ ಮೇಲೇ ಬೀಳುತ್ತದೆ. ಊರಿನ ಗಣ್ಯರನ್ನೆಲ್ಲ ಅವನು ಹೀಗೆ ತಳದಿಂದಲೇ ಬಲ್ಲ. ಶುಚಿತ್ವದ ಬಗ್ಗೆ ಭಾಷಣ ಮಾಡುವ ಡಾಕ್ಟರ ಕಾರಿನಡಿ ಒಣಗಿದ ಇಲಿ ಎರಡು ವರ್ಷ ಪ್ರಯಾಣ ಮಾಡಿದ್ದು ಅವನಿಗೆ ಗೊತ್ತು. ಎದುರಿಗೆ ಸಿಕ್ಕರೆ ಮಾತ್ರ ಯಾರ ಗುರುತೂ ಹತ್ತುವುದಿಲ್ಲ, ಚಪ್ಪಲಿ ನೋಡಿ ನಮಸ್ಕಾರ ಹೇಳುತ್ತಾನೆ. ಈಗ ವ್ಯಾನಿನ ಬಾಗಿಲಿಂದ ಕೆಳಗಿಳಿದ, ಧೂಳೇ ಕಾಣದ ಕಂದು ಬೂಟುಗಳನ್ನು ನೋಡಿ ಅವನ ಬೆನ್ನು ತಾನಾಗಿಯೇ ಸ್ವಲ್ಪ ಬಾಗಿತು.

"ಏನಪ್ಪಾ, ಉಂಡೆಯಾ?" ಎಂದರು ಭಾವ. ಒಂದೂವರೆ ಗಂಟೆಯ ಹಿಂದೆ ಇಬ್ಬರೂ ಒಂದೇ ಮೇಜಿನ ಎದುರು ಬದುರು ಕೂತು ಉಂಡು ಎದ್ದಿದ್ದರು. ಮನೆಯ ಹೊರಗೆ ಸಿಕ್ಕಾಗ ಭಾವ ಹೀಗೆ ಕೇಳುವುದು ರೂಢಿ. ಉತ್ತರವನ್ನು ಅವರು ಕಾಯುವುದಿಲ್ಲ, ಸುತ್ತಲಿನವರಿಗೆ ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆಂದು ನೆನಪಾದರೆ ಸಾಕು.

"ಆಯ್ತು ಭಾವ," ಎಂದ.

ಭಾವ ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಸುವ ಲಾಂಡ್ರಿ ನಡೆಸುತ್ತಾರೆ. ಒಗೆಯುವ ಜಾಗ ಊರಿನ ಆ ತುದಿಯಲ್ಲಿ, ಒಣಗಿಸುವ ಬಯಲು ಈ ತುದಿಯಲ್ಲಿ; ನಡುವೆ ಒದ್ದೆ ಬಟ್ಟೆಯ ಗಂಟುಗಳನ್ನು ಹೊತ್ತು ವ್ಯಾನು ದಿನಕ್ಕೆ ನಾಲ್ಕು ಸಲ ಓಡಾಡುತ್ತದೆ. ಬಿಳಿ ಅವರ ಬಂಡವಾಳ. ಮನೆಯಲ್ಲೂ ಅಷ್ಟೇ. ಅಂಗಳ ದಿನಕ್ಕೆರಡು ಸಲ ತೊಳೆಯುತ್ತಾರೆ, ಅವನು ಕೆಲಸದಿಂದ ಬಂದರೆ ಹಿತ್ತಿಲ ಬಾಗಿಲಿಂದ ಬರಬೇಕು, ಅವನ ಟವೆಲಿಗೆ ಬೇರೆ ಗೂಟ. ಈ ಕೆಲಸ ಕೊಡಿಸಿದವರೂ ಅವರೇ. ಯಜಮಾನರ ಹತ್ತಿರ ಕರೆತಂದು, "ನಮ್ಮ ಬಾಮೈದ. ಬುದ್ಧಿ ಅಂಥ ಇಲ್ಲ, ಹೇಳಿದ್ದು ಮಾಡ್ತಾನೆ," ಎಂದಿದ್ದರು. ಅದಕ್ಕಿಂತ ಚೆಂದದ ಶಿಫಾರಸು ಯಾವ ಮಾಲೀಕನಿಗೆ ಬೇಕು? ಆ ದಿನದಿಂದಲೂ ಆ ಮಾತನ್ನು ಸುಳ್ಳು ಮಾಡದ ಹಾಗೆ ಅವನು ನಡೆದುಕೊಂಡು ಬಂದಿದ್ದ.

ಯಜಮಾನರು ಬಂದು ವ್ಯಾನಿನ ಬಾಗಿಲನ್ನು ಕುದುರೆಯ ಕುತ್ತಿಗೆ ತಟ್ಟುವಂತೆ ತಟ್ಟಿದರು. "ಹನ್ನೊಂದಕ್ಕೆ ಆಯಮ್ಮ ಬರ್ತಾರೆ. ಕಾರ್ಖಾನೆಯವರ ಹನ್ನೆರಡು ವ್ಯಾನು, ಒಂದೊಂದರಲ್ಲೂ ಹನ್ನೆರಡು ಜನ ಕೂರೋದು. ಅಷ್ಟಕ್ಕೂ ತಳ ಮಾಡಿಸ್ಬೇಕಂತೆ. ಫೋಟೋ ತೋರಿಸ್ದೆ. ಮಾಡಿದ ದಿನ ಎಲ್ಲಾ ಚೆನ್ನಾಗೇ ಇರುತ್ತೆ, ವರ್ಷ ಕಳೆದದ್ದು ತೋರಿಸಿ ಅಂದ್ರು. ತೋರಿಸೋಣಂತೆ! ನಮಗೇನು ಭಯ?"

ಭಯವೆಲ್ಲ ಒಬ್ಬನ ಹೊಟ್ಟೆಗೇ ಬಿದ್ದಿತ್ತು. ಫೋಟೋ ಆಫೀಸಿನ ಗೋಡೆಯ ಮೇಲೆ ದೊಡ್ಡ ಕಟ್ಟಿನಲ್ಲಿ ತೂಗುತ್ತಿದೆ. ಇದೇ ವ್ಯಾನಿನ ತಳ, ಹೋದ ವರ್ಷದ್ದು. ಯಜಮಾನರ ತಂದೆಯ ಭಾವಚಿತ್ರವನ್ನು ಅದಕ್ಕಾಗಿ ಎರಡು ಗೇಣು ಪಕ್ಕಕ್ಕೆ ಸರಿಸಲಾಯಿತು. ಮಿರಮಿರ ಮಿಂಚುವ ಕಪ್ಪು, ಒಂದು ಗೆರೆ ಆಚೀಚೆಯಿಲ್ಲ, ಒಂದು ಗುಳ್ಳೆಯಿಲ್ಲ. ಅವನ ಜೀವಮಾನದ ಅತ್ಯುತ್ತಮ ಕೆಲಸ. ಅದನ್ನು ಮಾಡಿದ ದಿನ ಅವನು ಎಷ್ಟು ಸಿಟ್ಟಿನಲ್ಲಿದ್ದನೆಂದರೆ, ಬೇರೆ ಯಾವ ದಾರಿಯೂ ಕಾಣದೆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಬಿಟ್ಟಿದ್ದ. ಭಾವ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಮೂಗಿಗೆ ಕರವಸ್ತ್ರ ಹಿಡಿದು ನೋಡುತ್ತಿದ್ದರು. ವ್ಯಾನಿನ ಎರಡೂ ಬದಿಯಲ್ಲಿ, ಬಾಗಿಲುಗಳ ಕೆಳಗೆ, ಮುಂದಿನಿಂದ ಹಿಂದಿನವರೆಗೆ ಒಂದೊಂದು ಟೊಳ್ಳು ತೊಲೆಯಿರುತ್ತದೆ. ತೊಲೆಯ ಅಡಿಯಲ್ಲಿ ಬೆರಳು ತೂರುವಷ್ಟು ನಾಲ್ಕು ನಾಲ್ಕು ತೂತು. ಭಾವ ಕರವಸ್ತ್ರದಿಂದಲೇ ತೋರಿಸಿ, "ಅದೇನು ತೂತು? ಮುಚ್ಚು," ಎಂದರು.

"ಭಾವ, ಅವು ನೀರು ಇಳಿಯೋಕೆ ಇರೋವು."

"ನೀರು ಇಳಿಯುತ್ತೋ, ಕೊಳೆ ಹತ್ತುತ್ತೋ? ರಸ್ತೆ ರಾಡಿಯೆಲ್ಲ ಅಲ್ಲಿಂದ್ಲೇ ಒಳಗೆ ಬರೋದು. ಆಸ್ಪತ್ರೆ ಬಟ್ಟೆ ಕಣಪ್ಪ ಅದು, ನಿನ್ನ ಪ್ಯಾಂಟಲ್ಲ. ಒಂದು ತೂತೂ ಬಿಡದ ಹಾಗೆ ಮುಚ್ಚು."

ವೆಲ್ಡರ್ ಆಚೆ ನಿಂತು ಕಿಸಕ್ಕೆಂದ. ಪ್ಯಾಂಟಿಗೆ ಮೂರು ದಿನವಾಗಿತ್ತು ನಿಜ. ಹೇಳಬೇಕಾದ ಮೂರು ವಾಕ್ಯಗಳು ಅವನ ಬಾಯಲ್ಲಿ ಸಾಲಾಗಿ ಬಂದು ನಿಂತಿದ್ದವು. ಒದ್ದೆ ಗಂಟಿನ ನೀರು ನೆಲದ ಸಂದಿಯಿಂದ ಈ ತೊಲೆಗೇ ಇಳಿಯುತ್ತೆ. ತೂತು ಮುಚ್ಚಿದ್ರೆ ಅಲ್ಲೇ ನಿಲ್ಲುತ್ತೆ. ನಿಂತ್ರೆ ಒಳಗಿಂದ ಕೊಳೆಯುತ್ತೆ. ಆರು ವರ್ಷದ ಹುಡುಗಿಗೂ ಅರ್ಥವಾಗುವ ಮಾತು. ಆದರೆ ಪ್ಯಾಂಟಿನ ಪ್ರಸ್ತಾಪ ಬಂದ ಮೇಲೆ ನೀರಿನ ವಿಚಾರ ಎತ್ತಿದರೆ ಪ್ಯಾಂಟಿನ ಪರವಾಗಿ ಮಾತಾಡಿದ ಹಾಗೆ ಕಾಣುತ್ತದೆಂದು ಅವನಿಗೆ ಯಾಕೋ ಅನಿಸಿತು. "ಸರಿ ಭಾವ," ಎಂದ. ಎಂಟೂ ತೂತಿಗೆ ರಬ್ಬರ್ ಬಿರಡೆ ಬಡಿದು ಮೇಲೆ ಮೂರು ಪದರ ಲೇಪ ಹಾಕಿದ. ಮೂರು. ಎರಡು ಸಾಕಿತ್ತು. ಮೂರನೆಯದನ್ನು ಹಾಕುವಾಗ ಭಾವ ಹೋಗಿಯಾಗಿತ್ತು. ಆ ಪದರವನ್ನು ಯಾರ ಮಾತಿನ ಮೇಲೆ ಹಾಕಿದೆ ಎಂಬ ಪ್ರಶ್ನೆ ಮಾತ್ರ ಅವನಲ್ಲೇ ಉಳಿಯಿತು. ಕೊಳೆಯಲಿ, ಎಂದುಕೊಂಡಿದ್ದನೇ? ಎಂದುಕೊಂಡಿರಲಿಕ್ಕಿಲ್ಲ. ಅಷ್ಟು ಧೈರ್ಯದ ಯೋಚನೆ ಅವನದಾಗಿರುವುದು ಕಷ್ಟ.

"ನಿಂತ್ಕೊಂಡೇ ನಿದ್ದೆ ಮಾಡ್ತೀಯೇನೋ? ಲಿಫ್ಟಿಗೆ ಹಾಕಿಸು," ಎಂದರು ಯಜಮಾನರು.

"ಗುಂಡಿ ಮೇಲೆ ನಿಲ್ಲಿಸೋಣ ಸಾರ್. ಬೆಳಕು ಚೆನ್ನಾಗಿರುತ್ತೆ."

"ಗುಂಡೀಲಿ ಬೆಳಕಾ? ಆಯಮ್ಮನ್ನ ಗುಂಡಿಗೆ ಇಳಿಸ್ತೀಯಾ ನೀನು? ಹೊಸ ಲಿಫ್ಟ್ ಇರೋದು ಯಾಕೆ, ಟವೆಲ್ ಒಣಗಿಸೋಕಾ?"

ಹೊಸ ಲಿಫ್ಟು ಬಂದು ಎರಡು ತಿಂಗಳಾಗಿತ್ತು. ಎರಡು ಕೆಂಪು ಕಂಬ, ಕಂಬಕ್ಕೆರಡರಂತೆ ನಾಲ್ಕು ತೋಳು, ತೋಳಿನ ತುದಿಗೆ ಅಂಗೈಯಗಲದ ರಬ್ಬರ್ ಬಿಲ್ಲೆ. ಆ ನಾಲ್ಕು ಬಿಲ್ಲೆಗಳು ವಾಹನವನ್ನು ಹಿಡಿದು ಆಳೆತ್ತರಕ್ಕೆ ಎತ್ತುತ್ತವೆ, ಜನ ಅಡಿಯಲ್ಲಿ ನಿಂತು ನೋಡುತ್ತಾರೆ. ಬಿಲ್ಲೆ ಕೂರುವುದು ಆ ಟೊಳ್ಳು ತೊಲೆಗಳ ಅಡಿಗೇ. ಬೇರೆಲ್ಲಾದರೂ ಕೂರಿಸಲು ಬರುತ್ತದೆಯೇ ಎಂದು ಅವನು ನೆನ್ನೆಯಿಡೀ ಮನಸ್ಸಿನಲ್ಲೇ ತೋಳುಗಳನ್ನು ಉದ್ದ ಮಾಡಿ, ಗಿಡ್ಡ ಮಾಡಿ ನೋಡಿದ್ದ. ಬರುವುದಿಲ್ಲ. ಹದಿನೈದು ದಿನದ ಹಿಂದೆ, ಒಂದು ಮಧ್ಯಾಹ್ನ ಭಾವ ಮಲಗಿದ್ದಾಗ, ದಬ್ಬಳ ಜೇಬಿಗಿಟ್ಟುಕೊಂಡು ಅಂಗಳಕ್ಕೆ ಇಳಿದಿದ್ದ. ಒಂದು ಬಿರಡೆ ಚುಚ್ಚಿದರೆ ಸಾಕು, ಒಳಗಿನದು ಹೊರಗೆ ಬರುತ್ತದೆ. ಎಡಗಡೆ ತೊಲೆಯ ಹಿಂಭಾಗದಲ್ಲಿ ಲೇಪ ಸ್ವಲ್ಪ ಉಬ್ಬಿತ್ತು. ಹೆಬ್ಬೆರಳಿಂದ ಒತ್ತಿದ. ಕಳಿತ ಹಣ್ಣಿನ ಹಾಗೆ ಬೆರಳು ಒಳಕ್ಕೆ ಹೋಯಿತು, ತೆಗೆದ ಮೇಲೂ ಆ ಗುಳಿ ಹಾಗೇ ಉಳಿಯಿತು. ಅಲ್ಲಿ ಕಬ್ಬಿಣವಿರಲಿಲ್ಲ, ಕಬ್ಬಿಣದ ಆಕಾರವನ್ನು ಹಿಡಿದಿದ್ದದ್ದು ಅವನ ಮೂರು ಪದರ. ಅಷ್ಟರಲ್ಲಿ ಅಕ್ಕ ಬಾಗಿಲಿಗೆ ಬಂದಳು.

"ಏನೋ ಹುಡುಕ್ತಿದ್ದೀಯಾ ಅಲ್ಲಿ?"

"ಒಂದು ಬೋಲ್ಟು, ಅಕ್ಕ."

"ಅಂಗಳ ತೊಳ್ದಿದೆ, ಹುಷಾರು. ಎಣ್ಣೆಗಿಣ್ಣೆ ಬಿದ್ರೆ ಅವರು ನನ್ನ ಮೇಲೆ ಹಾರಾಡ್ತಾರೆ."

ಚುಚ್ಚಿದರೆ ಕಂದು ನೀರು, ತೊಳೆದ ಅಂಗಳ, ಎದ್ದು ಬರುವ ಭಾವ, ಇದೇನಿದು ಎಂಬ ಪ್ರಶ್ನೆ. ಉತ್ತರ ಒಂದೇ: ನೀವೇ ಮುಚ್ಚು ಅಂದಿರಿ. ಉಣ್ಣುವ ಮನೆಯಲ್ಲಿ ಆಡುವ ಮಾತಲ್ಲ ಅದು. ಅಕ್ಕನ ಮುಖ ಆಗ ಯಾರ ಕಡೆ ತಿರುಗುತ್ತದೆಂದು ಅವನು ಎಂದೂ ಪರೀಕ್ಷಿಸಿ ನೋಡಿರಲಿಲ್ಲ, ಫಲಿತಾಂಶ ಗೊತ್ತಿದ್ದದ್ದರಿಂದ. ಇಲ್ಲದ ಬೋಲ್ಟನ್ನು ಇನ್ನೊಂದು ಹತ್ತು ನಿಮಿಷ ಹುಡುಕಿ, ಸಿಕ್ಕಿತು ಎಂದು ಹೇಳಿ, ಹಿತ್ತಿಲ ಬಾಗಿಲಿಂದ ಒಳಗೆ ಹೋಗಿದ್ದ.

ವೆಲ್ಡರ್ ಆಗಲೇ ವ್ಯಾನನ್ನು ಕಂಬಗಳ ನಡುವೆ ತಂದು ನಿಲ್ಲಿಸಿ ತೋಳುಗಳನ್ನು ಎಳೆಯುತ್ತಿದ್ದ. ಇವನು ಬಗ್ಗಿ, ಎಡಗಡೆಯ ಹಿಂದಿನ ಬಿಲ್ಲೆಯನ್ನು ಉಬ್ಬಿದ ಜಾಗದಿಂದ ಎರಡು ಬೆರಳು ಮುಂದಕ್ಕೆ ಸರಿಸಿದ. ಎರಡು ಬೆರಳು. ಅವನ ಆತ್ಮಸಾಕ್ಷಿಯ ಈವರೆಗಿನ ಅತಿ ದೊಡ್ಡ ಸಾಹಸ ಅದು.

"ಯಾಕೋ ಹೀಗೆ ಬೆವರ್ತಿದ್ದೀಯಾ?" ಎಂದ ವೆಲ್ಡರ್. "ಹೆಣ್ಣು ನೋಡೋಕೆ ಬರ್ತಿರೋದು ವ್ಯಾನನ್ನ, ನಿನ್ನನ್ನಲ್ಲ."

ವೆಲ್ಡರಿಗೇ ಹೇಳಿಬಿಡಬಹುದಿತ್ತು. ವೆಲ್ಡರ್ ಇಂಥದ್ದನ್ನು ದಿನಾ ಕತ್ತರಿಸಿ ಅಂಟಿಸುವವನು. ಕೇಳಿದರೆ ಮೊದಲು ನಗುತ್ತಾನೆ, ಆಮೇಲೆ ಕೆಳಗಿಳಿಸು ಎನ್ನುತ್ತಾನೆ. ಆ ಮೊದಲಿನ ನಗುವೇ ಅಡ್ಡ ಬಂತು. ಮನುಷ್ಯರು ಕಂಬ ಮುರಿದು ಸತ್ತಿದ್ದಾರೆ, ನಗುವಿಗೆ ಹೆದರಿ ಯಾರನ್ನಾದರೂ ಸಾಯಿಸಿದವರೂ ಇರಬಹುದು. ಪತ್ರಿಕೆಯಲ್ಲಿ ಕಾರಣ ಬರೆಯುವಾಗ ಕಂಬ ಎಂದೇ ಬರೆಯುತ್ತಾರೆ.

ಹನ್ನೊಂದಕ್ಕೆ ಐದು ನಿಮಿಷವಿದ್ದಾಗ ಕಾರ್ಖಾನೆಯ ಅಧಿಕಾರಿ ಬಂದರು. ಯಜಮಾನರು ಕಾರನ್ನು ಎದುರು ನೋಡುತ್ತ ಗೇಟಿನಾಚೆ ನಿಂತಿದ್ದರಿಂದ ಸ್ಕೂಟರಿನಲ್ಲಿ ಪಕ್ಕದಿಂದಲೇ ಒಳಗೆ ಹೋದವರನ್ನು ಗಮನಿಸಲಿಲ್ಲ. ಗಿಡ್ಡ ಹೆಂಗಸು, ಹೆಲ್ಮೆಟ್ಟಿಗೆ ಅಂಟಿ ಚಪ್ಪಟೆಯಾದ ಕೂದಲು, ಎರಡು ಸಲ ಹೊಲಿಸಿದ ದಪ್ಪ ಚಪ್ಪಲಿ. ಅವನಿಗೆ ಚಪ್ಪಲಿ ಹಿಡಿಸಿತು. ಟೀ ಬೇಡವೆಂದರು, ಕುರ್ಚಿ ಬೇಡವೆಂದರು, ಗೋಡೆಯ ಫೋಟೋದ ಕಡೆ ತಲೆಯೆತ್ತಲಿಲ್ಲ. ಕೈಚೀಲದಿಂದ ಟಾರ್ಚು ತೆಗೆದು, "ಎತ್ತಿ," ಎಂದರು.

ಅವನು ಹೇಳಿದ. ಹೇಳಿದ್ದಂತೂ ನಿಜ; ಮುಂದೆ ಎಲ್ಲಾದರೂ ಆಣೆಯಿಡುವ ಸಂದರ್ಭ ಬಂದರೆ ಧೈರ್ಯವಾಗಿ ಇಡಬಹುದು. "ಎತ್ತಬೇಡಿ," ಎಂದ. ಮೋಟಾರು ಶುರುವಾದ ಮೇಲೆ ಎಂದ; ಅದರ ಸದ್ದಿಗಿಂತ ಒಂದು ಎಳೆ ಕೆಳಗೆ ಎಂದ. ಯಾರೂ ತಿರುಗಲಿಲ್ಲ. ವ್ಯಾನು ನೆಲ ಬಿಟ್ಟಿತು, ಮೊಣಕಾಲೆತ್ತರ, ಎದೆಯೆತ್ತರ, ಆಳೆತ್ತರ. ಕಂಬದ ಕೊಕ್ಕೆಗಳು ಟಕ್ ಟಕ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಕೂತವು. ಮೋಟಾರು ನಿಂತಿತು. ಏನೂ ಆಗಲಿಲ್ಲ. ಅವನಿಗೆ ಒಂದು ಬಗೆಯ ನಿರಾಸೆಯಾಯಿತೆಂದರೆ ನಂಬುವುದು ಕಷ್ಟ. ಬೀಳಬೇಕಾದದ್ದು ಎತ್ತುವಾಗಲೇ, ಅಡಿಯಲ್ಲಿ ಯಾರೂ ಇಲ್ಲದಾಗಲೇ ಬಿದ್ದಿದ್ದರೆ ಅವನು ಹೇಳುವುದೇನೂ ಉಳಿಯುತ್ತಿರಲಿಲ್ಲ, ಕಬ್ಬಿಣವೇ ಅವನ ಪರವಾಗಿ ಮಾತಾಡಿಬಿಡುತ್ತಿತ್ತು. ಕಬ್ಬಿಣಕ್ಕೂ ಅವನ ಕೆಲಸ ಮಾಡಿಕೊಡುವ ಮನಸ್ಸಿರಲಿಲ್ಲ.

ಈಗ ನಾಲ್ವರೂ ಅದರಡಿಗೆ ಹೋದರು. ಅವನೂ ಹೋದ, ಹೊರಗೆ ನಿಂತರೆ ಕಾರಣ ಹೇಳಬೇಕಾಗುತ್ತಿತ್ತು. ಟಾರ್ಚಿನ ಬೆಳಕು ಕಪ್ಪಿನ ಮೇಲೆ ನಿಧಾನವಾಗಿ ಹರಿದಾಡಿತು. ಅಧಿಕಾರಿ ಅಲ್ಲಲ್ಲಿ ಉಗುರಿನಿಂದ ಕೆರೆದರು, ನಡುವಿನ ಪಟ್ಟಿಯ ಮೇಲೆ ಬೆರಳ ಗಣ್ಣಿನಿಂದ ತಟ್ಟಿದರು. ಅದು ಗಟ್ಟಿಯಾಗೇ ಉತ್ತರ ಕೊಟ್ಟಿತು.

"ಮೇಲ್ತುಕ್ಕು ಒಂದು ಚೂರೂ ಇಲ್ಲ," ಎಂದರು. "ಯಾರು ಮಾಡಿದ್ದು?"

"ನಮ್ಮ ಟೀಮು, ಮೇಡಂ," ಎಂದರು ಯಜಮಾನರು. ವೆಲ್ಡರ್ ತನ್ನ ಲೋಟದೊಳಗೆ ನೋಡಿದ.

"ನಮ್ಮ ಬಾಮೈದ ಮಾಡಿದ್ದು. ಮಾಡಿಸಿದ್ದು ನಾನು," ಎಂದರು ಭಾವ. "ಪಕ್ಕದಲ್ಲೇ ಕೂತು ಮಾಡಿಸ್ದೆ. ಒಂದು ತೂತೂ ಬಿಡಬೇಡ ಅಂದೆ, ಬಿಡಲಿಲ್ಲ ನೋಡಿ. ಅದೊಂದು ಗುಣ ಮೆಚ್ಚಬೇಕು ಇವನಲ್ಲಿ. ಸ್ವಂತ ತಲೆ ಓಡಿಸಲ್ಲ."

ಯಜಮಾನರು ನಕ್ಕರು. ವೆಲ್ಡರ್ ನಕ್ಕ. ಅವನೂ ನಕ್ಕ, ತಡವಾದರೆ ಗೊತ್ತಾಗುತ್ತದೆಂದು ಸ್ವಲ್ಪ ಬೇಗನೇ ನಕ್ಕ. ಅಧಿಕಾರಿ ನಗಲಿಲ್ಲ. ಅವರು ತೊಲೆಯ ಉದ್ದಕ್ಕೂ ಬೆಳಕು ಬಿಟ್ಟು, "ತೂತೆಲ್ಲ ಮುಚ್ಚೋದು ಒಳ್ಳೇದಾ?" ಎಂದು ಕೇಳಿದರು. ಅವನನ್ನೇ ಕೇಳಿದ್ದು.

"ಒಳ್ಳೇದೇ ಮತ್ತೆ! ಕೊಳೆ ಹತ್ತಲ್ಲ," ಎಂದರು ಭಾವ.

"ಸರಿ ಹಾಗಾದ್ರೆ. ನಮ್ಮ ಹನ್ನೆರಡಕ್ಕೂ ಹಾಗೇ ಮಾಡಿ."

ಹನ್ನೆರಡೆಂಟಲ ತೊಂಬತ್ತಾರು. ಲೆಕ್ಕ ಅವನಿಗೆ ತಾನಾಗಿಯೇ ಬಂತು. ತೊಂಬತ್ತಾರು ಬಿರಡೆ ತರಿಸಬೇಕು, ಪೆಟ್ಟಿಗೆಯಲ್ಲಿ ಐವತ್ತು ಬರುತ್ತವೆ, ಎರಡು ಪೆಟ್ಟಿಗೆ. ನಾಲ್ಕು ಮಿಗುತ್ತವೆ. ಅವುಗಳನ್ನು ಎಲ್ಲಿಡುವುದು ಎಂದು ಅವನು ನಿಜವಾಗಿಯೂ ಯೋಚಿಸಲು ಶುರುಮಾಡಿದ್ದ. ಸರಿ ಮೇಡಂ ಎನ್ನಲು ಬಾಯಿ ಅರ್ಧ ತೆರೆದಿತ್ತು. ಆಗ ಭಾವ ಅವನ ಭುಜ ತಟ್ಟಿದರು. ತಟ್ಟಿ, ಆ ಕೈಯನ್ನು ಕರವಸ್ತ್ರಕ್ಕೆ ಒರೆಸಿಕೊಂಡರು. ಅವನು ಅಕ್ಕನ ಮನೆ ಸೇರಿದ ಎಂಟು ವರ್ಷದಲ್ಲಿ ನೂರಾರು ಸಲ ಒರೆಸಿಕೊಂಡಿರಬೇಕು. ಅಷ್ಟಕ್ಕೆಲ್ಲ ಮನುಷ್ಯ ಏನೂ ಮಾಡುವುದಿಲ್ಲ. ನೂರಾ ನಲವತ್ತನಾಲ್ಕು ಜನರ ಜೀವ ನೆನಪಾಗಿ ಅವನು ಮುಂದೆ ಬಂದ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಅವರು ನೆನಪಾದದ್ದು ಆಮೇಲೆ. ಮೊದಲು ಕಂಡದ್ದು ಕರವಸ್ತ್ರವನ್ನು ನಾಲ್ಕಾಗಿ ಮಡಿಸಿ, ತನ್ನನ್ನು ಮುಟ್ಟಿದ ಮಡಿಕೆಯನ್ನು ಒಳಗೆ ಮಾಡಿ ಜೇಬಿಗಿಟ್ಟುಕೊಂಡ ಆ ಅಚ್ಚುಕಟ್ಟು.

"ಸ್ವಲ್ಪ ಆಚೆ ನಿಂತ್ಕೊಳ್ಳಿ, ಭಾವ," ಎಂದ.

ಭಾವನಿಗೆ ಅವನು ಕೊಟ್ಟ ಮೊದಲ ಆಜ್ಞೆ ಅದು. ಅವರಿಗೆ ಅದು ಆಜ್ಞೆಯೆಂದು ಹೊಳೆಯಲಿಲ್ಲ, ಆದ್ದರಿಂದ ನಿಂತಲ್ಲೇ ನಿಂತರು. ಅವನು ಹದಿನೈದು ದಿನದಿಂದ ಜೇಬಲ್ಲೇ ಇದ್ದ ದಬ್ಬಳ ತೆಗೆದು, ಎಡ ತೊಲೆಯ ಅಡಿಯನ್ನು ಬೆರಳಲ್ಲಿ ಸವರಿ, ಮೂರು ಪದರದ ಕೆಳಗೆ ಬಿರಡೆಯ ಗುಂಡನೆಯ ಅಂಚನ್ನು ಕಣ್ಣು ಮುಚ್ಚಿಯೇ ಕಂಡುಹಿಡಿದು, ಚುಚ್ಚಿ, ಮೀಟಿದ.

ಮೊದಲು ಬಂದದ್ದು ವಾಸನೆ. ಹೂದಾನಿಯಲ್ಲಿ ಮರೆತು ಬಿಟ್ಟ ನೀರಿನದು, ಸೋಪಿನದು. ಆಮೇಲೆ ನೀರು, ಬೆರಳು ದಪ್ಪದ ಕಂದು ಧಾರೆ, ಭಾವನ ತೋಳಿನ ಮೇಲೆ ಬಿದ್ದು, ಮೊಣಕೈಯಿಂದ ಇಳಿದು, ಬೂಟಿನ ಮೇಲೆ ಹರಡಿತು. ಅವರು ಹಾರಿ ಹಿಂದೆ ಸರಿದರು. ಅದು ನಿಲ್ಲುತ್ತದೆಂದು ಎಲ್ಲರೂ ಕಾದರು. ನಿಲ್ಲಲಿಲ್ಲ.

"ಹವೆಯ ತೇವ ಮೇಡಂ," ಎಂದರು ಯಜಮಾನರು. "ಬೆಳಗಿನ ಹೊತ್ತು ಕಬ್ಬಿಣ ಸ್ವಲ್ಪ ಬೆವರುತ್ತೆ."

"ಒಂದು ಬಕೆಟ್ ಬೆವರಿದೆ," ಎಂದರು ಅಧಿಕಾರಿ. ಬಗ್ಗಿ, ನೀರಿನ ಜೊತೆ ಬಿದ್ದ ಕಂದು ಚಕ್ಕೆಯೊಂದನ್ನು ಆರಿಸಿ ಅಂಗೈಯಲ್ಲಿಟ್ಟು ಒತ್ತಿದರು, ಅದು ಪುಡಿಯಾಯಿತು.

"ಇವು ನೀರು ಇಳಿಯೋಕೆ ಇರೋ ತೂತು," ಎಂದ ಅವನು. ಧ್ವನಿ ಯಾರದೋ ಅನ್ನಿಸುವಷ್ಟು ಸಪಾಟಾಗಿತ್ತು. "ಮುಚ್ಚಿದ್ರೆ ಒಳಗಿಂದ ಕೊಳೆಯುತ್ತೆ. ಹೊರಗೆ ಏನೂ ಕಾಣಲ್ಲ. ಕೊಳೆತಿರೋದರ ಮೇಲೇ ಈಗ ನಿಂತಿದೆ ಇದು, ಎಲ್ಲರೂ ಹೊರಗೆ ಬನ್ನಿ." ಸ್ವಲ್ಪ ತಡೆದು, "ಮುಚ್ಚಿದ್ದು ನಾನು," ಎಂದ. ಒಂದು ವರ್ಷದಿಂದ ಸಿದ್ಧ ಮಾಡಿಟ್ಟುಕೊಂಡಿದ್ದ ಮಾತುಗಳಲ್ಲಿ ಅದು ಇರಲಿಲ್ಲ.

ಎಲ್ಲರಿಗಿಂತ ಮೊದಲು ಹೊರಗಿದ್ದವರು ಯಜಮಾನರು.

ಎತ್ತಿದ್ದನ್ನು ಇಳಿಸಬೇಕೆಂದರೆ ಮೊದಲು ಒಂದಿಷ್ಟು ಮೇಲೆತ್ತಿ ಕಂಬದ ಕೊಕ್ಕೆಗಳನ್ನು ಬಿಡಿಸಬೇಕು. ಲಿಫ್ಟಿನ ನಿಯಮ ಹಾಗೆ. ವೆಲ್ಡರ್ ದೂರದಿಂದ ಕೈ ಚಾಚಿ ಸ್ವಿಚ್ಚು ಒತ್ತಿದ. ಆ ಒಂದಿಷ್ಟಕ್ಕೇ ಎಡ ತೊಲೆಯ ಹಿಂಭಾಗ ಒಣಗಿದ ಎಲೆಗಳ ರಾಶಿಯ ಮೇಲೆ ಕಾಲಿಟ್ಟ ಹಾಗೆ ಸದ್ದು ಮಾಡಿತು, ಬಿಲ್ಲೆ ಅಂಗೈಯಾಳ ಒಳಗೆ ಹೋಯಿತು, ವ್ಯಾನು ಒಂದು ಬದಿಗೆ ವಾಲಿ, ಯಾರದೋ ಮಾತಿಗೆ ಕಿವಿಗೊಟ್ಟಂತೆ ಹಾಗೇ ನಿಂತಿತು. ಕೆಳಗೆ ನೀರು ಮಾತ್ರವಿತ್ತು. ವೆಲ್ಡರ್ ಈ ಸಲ ನಗಲಿಲ್ಲ. ಮರದ ದಿಮ್ಮಿಗಳನ್ನು ಕೊಟ್ಟು ಅದನ್ನು ನೆಲಕ್ಕೆ ತರುವಷ್ಟರಲ್ಲಿ ಮಧ್ಯಾಹ್ನ ಎರಡಾಯಿತು. ಅಧಿಕಾರಿ ಆಗಲೇ ಹೋಗಿದ್ದರು. ಹೋಗುವಾಗ ಯಜಮಾನರಿಗೆ, "ಯೋಚನೆ ಮಾಡಿ ಹೇಳ್ತೀನಿ," ಎಂದರು. ಆ ಮಾತಿನ ಅರ್ಥ ಎಲ್ಲ ಭಾಷೆಯಲ್ಲೂ ಒಂದೇ. ಅವನಿಗೆ ಏನೂ ಹೇಳಲಿಲ್ಲ. ಹೇಳಬಹುದೆಂದು ಅವನು ಸ್ಕೂಟರಿನ ಹತ್ತಿರ, ಏನೋ ಹುಡುಕುವವನಂತೆ, ನಿಂತಿದ್ದ. ಸತ್ಯ ಹೇಳಿದವನಿಗೆ ಏನಾದರೂ ಸಿಗುತ್ತದೆ ಎಂಬ ಶಾಲೆಯ ರೋಗ ಈ ವಯಸ್ಸಿಗೂ ಬಿಟ್ಟಿರಲಿಲ್ಲ.

"ನಾಳೆ ಬಾ, ಮಾತಾಡೋಣ," ಎಂದರು ಯಜಮಾನರು. ಅದರ ಅರ್ಥವೂ ಹೆಚ್ಚುಕಡಿಮೆ ಅದೇ.

ಭಾವ ಗೇಟಿನ ಬಳಿ ನಿಂತಿದ್ದರು. ತೋಳನ್ನು ನಲ್ಲಿಯಡಿ ಎಷ್ಟು ತೊಳೆದರೂ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂದು ಕಂದು ನಕಾಶೆ ಉಳಿದಿತ್ತು. ಬೇರೆಯವರ ಕಲೆ ತೆಗೆದು ಮನೆ ಕಟ್ಟಿಸಿದ ಮನುಷ್ಯನಿಗೆ ತುಕ್ಕಿನ ಕಲೆ ಹೋಗುವುದಿಲ್ಲವೆಂದು ಗೊತ್ತಿರಲೇಬೇಕು.

"ಮನೆಗೆ ಹೇಗೆ ಹೋಗೋದೀಗ?" ಎಂದರು, ಎದುರಿನ ಗೋಡೆಯನ್ನು ಕೇಳುವಂತೆ.

"ಬಸ್ಸಿದೆ, ಭಾವ."

"ಯಾವ ನಂಬರು?"

ಹೇಳಿದ. ಇಬ್ಬರೂ ನಡೆದರು. ಅವನು ಎಂದಿನಂತೆ ಒಂದು ಹೆಜ್ಜೆ ಹಿಂದಿದ್ದ. ದಾರಿ ಗೊತ್ತಿಲ್ಲದೆ ಭಾವ ತಿರುವಿನಲ್ಲಿ ತಡೆದು ನಿಂತಾಗ ಅವನೇ ಮುಂದಾಗಬೇಕಾಯಿತು. ತಂಗುದಾಣದಲ್ಲಿ ಯಾರೂ ಇರಲಿಲ್ಲ. ಕಲ್ಲುಬೆಂಚಿನ ಮೇಲೆ ಧೂಳಿತ್ತು. ಭಾವ ಕರವಸ್ತ್ರ ತೆಗೆದು, ಬೆಂಚನ್ನು ನೋಡಿ, ಕರವಸ್ತ್ರವನ್ನು ನೋಡಿ, ಹಾಗೇ ಕೂತರು. ಅವನು ನಿಂತಿದ್ದ. ಭಾವನ ತಲೆಯ ನಡುವೆ ಕೂದಲು ತೆಳ್ಳಗಾಗಿದ್ದು ಅವನಿಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಅವರನ್ನು ಮೇಲಿನಿಂದ ನೋಡಿದ್ದೇ ಇಲ್ಲ. ಕರುಣೆ ಬರಬಹುದೆಂದು ಕಾದ. ಬರಲಿಲ್ಲ. ಹಸಿವೆಯಾಗುತ್ತಿತ್ತು. ಅಕ್ಕ ಎರಡು ತಟ್ಟೆ ಮುಚ್ಚಿಟ್ಟಿರುತ್ತಾಳೆ. ಇಬ್ಬರೂ ಒಟ್ಟಿಗೆ, ವ್ಯಾನಿಲ್ಲದೆ, ಮುಂಬಾಗಿಲಲ್ಲಿ ಬಂದು ನಿಂತರೆ ಮೊದಲು ಯಾರ ಮುಖ ನೋಡುತ್ತಾಳೆ?

"ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?" ಎಂದರು ಭಾವ.

"ಹೇಳ್ದೆ ಭಾವ. ಪೂರ್ತಿ ಹೇಳಲಿಲ್ಲ."

"ಪೂರ್ತಿ ಹೇಳ್ಬೇಕಾಗಿತ್ತು."

"ಹೌದು."

ಇಷ್ಟು ಬೇಗ ಒಪ್ಪಿಕೊಂಡರೆ ಮುಂದೆ ಬೈಯುವುದು ಹೇಗೆಂದು ತಿಳಿಯದೆ ಭಾವ ಕರವಸ್ತ್ರವನ್ನು ಮಡಿಸದೆ ಜೇಬಿಗೆ ತುರುಕಿದರು. ರಸ್ತೆಯ ಆ ಕೊನೆಯಲ್ಲಿ ಬಸ್ಸು ಕಾಣಿಸಿತು.

"ನಿಮ್ಮಕ್ಕನಿಗೆ ಏನು ಹೇಳ್ತೀಯಾ?"

"ತೂತು ಮುಚ್ಚಿದ್ದು ನಾನು ಅಂತ."

ಭಾವ ತೋಳನ್ನು ಉಜ್ಜಿಕೊಂಡರು. ಬಸ್ಸು ಹತ್ತಿರವಾಯಿತು.

"ಮುಚ್ಚು ಅಂದಿದ್ದು?"

ಸರಿ ಭಾವ, ಎನ್ನುವಷ್ಟೇ ಮೆಲ್ಲಗೆ ಅವನು ಹೇಳಿದ: "ಅದನ್ನ ನೀವು ಹೇಳಿ."

ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಕಂಡಕ್ಟರ್ ಇಬ್ಬರನ್ನೂ ನೋಡಿ, "ಬರ್ತೀರೇನ್ರೀ?" ಎಂದ. ಭಾವ ಏಳಲಿಲ್ಲ. "ಮುಂದಿನದಕ್ಕೆ ಹೋಗೋಣ," ಎಂದರು, ಯಾರ ಮುಖವನ್ನೂ ನೋಡದೆ. ಅವನು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಭಾವ ದೂರ ಸರಿದು ಕೂರಲಿಲ್ಲ.